ಗೈಡ್ ಹುಡುಕುವವರಿಗೆ ಶಾಸನಗಳು ಏನು ಹೇಳುತ್ತವೆ? ತಾಳಗುಂದದಿಂದ ಶ್ರವಣಬೆಳಗೊಳದವರೆಗೆ

ಮಯೂರಶರ್ಮನ ಕಥೆ ಶಾಲೆಯ ಪಾಠದಿಂದಲೇ ನಮಗೆಲ್ಲ ಗೊತ್ತು. ಕಂಚಿಗೆ ಹೋದ, ಅಲ್ಲಿ ಅವಮಾನವಾಯಿತು, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ, ಕದಂಬ ರಾಜ್ಯ ಕಟ್ಟಿದ. ಸಿನಿಮಾ ಕೂಡ ನೋಡಿದ್ದೇವೆ. ಈ ಬರಹ ಮಾತ್ರ ಕತ್ತಿ ಹಿಡಿದ ಮಯೂರಶರ್ಮನ ಬಗ್ಗೆ ಅಲ್ಲ. ಅದಕ್ಕೂ ಮುಂಚೆ, ಊರಲ್ಲಿ ಕಲಿಯುವುದನ್ನೆಲ್ಲ ಕಲಿತು, ಇನ್ನೂ ಮೇಲಕ್ಕೆ ಓದಬೇಕೆಂದು ದೂರದ ದೊಡ್ಡ ವಿದ್ಯಾಕೇಂದ್ರಕ್ಕೆ ಹೊರಟ ವಿದ್ಯಾರ್ಥಿಯ ಬಗ್ಗೆ.

ಇದನ್ನು ಬರೆಯಲು ಒಂದು ಕಾರಣ ಇದೆ. ಭಾನುವಾರಗಳಂದು ನಮ್ಮ ಜೊತೆ ಶಾಸನ ನೋಡಲು ಬರುವವರಲ್ಲಿ ಇಬ್ಬರು ಈಗ ಪಿಎಚ್‌.ಡಿ.ಗೆ ಗೈಡ್ ಹುಡುಕ್ತಾ ಇದ್ದಾರೆ. ಒಬ್ಬರಿಗೆ ಇತಿಹಾಸ, ಇನ್ನೊಬ್ಬರಿಗೆ ಭಾಷಾವಿಜ್ಞಾನ. ಇಬ್ಬರೂ ಕೇಳುವುದು ಒಂದೇ ಪ್ರಶ್ನೆ: "ಸರ್, ದೊಡ್ಡ ಹೆಸರಿರೋ ಪ್ರೊಫೆಸರ್ ಹತ್ರ ಹೋಗೋದಾ? ಹೋಗಿ ಏನು ಕೇಳೋದು?" ನಾನು ನೀರು ಸರಬರಾಜು ಯೋಜನೆಗಳಲ್ಲಿ ಕೆಲಸ ಮಾಡುವ ಎಂಜಿನಿಯರ್. ಲಿಪಿ ಕಲಿತದ್ದು ಎಪಿಗ್ರಾಫಿಯಾ ಕರ್ನಾಟಿಕಾದ ಹಳೇ ಸಂಪುಟಗಳನ್ನು ಎದುರಿಗಿಟ್ಟುಕೊಂಡು, ಒಬ್ಬನೇ ಕೂತು. ವಿಶ್ವವಿದ್ಯಾಲಯದ ಒಳಗಿನ ಲೆಕ್ಕಾಚಾರಗಳ ಬಗ್ಗೆ ಹೇಳಲು ನನಗಿಂತ ಬಲ್ಲವರಿದ್ದಾರೆ. ಆದರೆ ನಮ್ಮ ಶಾಸನಗಳಲ್ಲಿ ಗುರು, ಶಿಷ್ಯ, ವಿದ್ಯಾಸ್ಥಾನ ಇವುಗಳ ಬಗ್ಗೆ ಸಾಕಷ್ಟು ಇದೆ. ಈ ಪ್ರಶ್ನೆ ಮನಸ್ಸಿನಲ್ಲಿಟ್ಟುಕೊಂಡು ಅವನ್ನು ಮತ್ತೆ ಓದಿದೆ. ಕಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

ತಾಳಗುಂದದ ಕಂಬ ಹೆಸರಿಸುವ ಗುರು

ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ತಾಳಗುಂದ. ಪ್ರಣವೇಶ್ವರ ದೇವಾಲಯದ ಎದುರಿನ ಕಂಬ ಈ ಬ್ಲಾಗಿನ ಓದುಗರಿಗೆ ಹೊಸದಲ್ಲ. ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ ಶಿಕಾರಿಪುರ 176. ಎಂಟು ಮುಖದ ಕಂಬ, ಸಂಸ್ಕೃತ ಕಾವ್ಯ, ಸಾಲುಗಳು ಕೆಳಗಿನಿಂದ ಮೇಲಕ್ಕೆ ಓಡುತ್ತವೆ. ಹಾಗಾಗಿ ಕತ್ತು ವಾಲಿಸಿಕೊಂಡೇ ಓದಬೇಕು. ಕಾಲ 5ನೇ ಶತಮಾನ, ಶಾಂತಿವರ್ಮನ ಆಳ್ವಿಕೆ. ಕವಿ ಕುಬ್ಜ. ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಅವನೇ ಹೇಳಿಕೊಳ್ಳುತ್ತಾನೆ.

ಮಯೂರಶರ್ಮನ ಪ್ರಯಾಣಕ್ಕೆ ಕುಬ್ಜ ಕೊಟ್ಟಿರುವುದು ಒಂದೇ ಪದ್ಯ. ಅದರ ಸಾರಾಂಶ ಹೀಗೆ: ಗುರು ವೀರಶರ್ಮನ ಜೊತೆಗೂಡಿ ಪಲ್ಲವರ ರಾಜಧಾನಿಗೆ ಹೋದ, ಪ್ರವಚನವನ್ನು ಪೂರ್ತಿಯಾಗಿ ಅಧ್ಯಯನ ಮಾಡುವ ಆಸೆಯಿಂದ ಘಟಿಕೆಯನ್ನು ಹೊಕ್ಕ. ಹೊಕ್ಕಿದ್ದು 'ತರ್ಕುಕ'ನಾಗಿ. ಈ ಪದ ನೋಡಿದ ಕೂಡಲೇ ತರ್ಕಶಾಸ್ತ್ರ ನೆನಪಾಗುತ್ತದೆ. ಆದರೆ ನಿಘಂಟು ತೆಗೆದರೆ ಸಿಗುವ ಅರ್ಥ ಬೇಡುವವನು, ಯಾಚಕ ಎಂದು. ವಿದ್ಯಾರ್ಥಿ ಅನ್ನೋ ಪದದೊಳಗೂ 'ಅರ್ಥಿ' ಇದ್ದಾನಲ್ಲ, ಅವನೇ ಇವನು. ಕೇಳಿಕೊಂಡು ಬಂದವನು.

ಈ ಪದ್ಯದಲ್ಲಿ ಎರಡು ಸಂಗತಿ ಗಮನಿಸಿ. ಮೊದಲನೆಯದು, ಮಯೂರಶರ್ಮ ಒಬ್ಬನೇ ಹೋಗಲಿಲ್ಲ. ಅವನನ್ನು ಚಿಕ್ಕಂದಿನಿಂದ ಬಲ್ಲ ಗುರು ಜೊತೆಗೆ ಹೋದ. ಬನವಾಸಿ ಹತ್ತಿರದ ಗುಡ್ನಾಪುರದಲ್ಲಿ ಸಿಕ್ಕ ರವಿವರ್ಮನ ಶಾಸನದಲ್ಲೂ ವೀರಶರ್ಮ ಬರುತ್ತಾನೆ. ಅಲ್ಲಿ ಅವನು ಮಯೂರಶರ್ಮನ ತಾತ, ತಂದೆಯ ಹೆಸರು ಬಂಧುಷೇಣ. ಎರಡನ್ನೂ ಸೇರಿಸಿ ಓದಿದರೆ, ಮನೆಯಲ್ಲಿ ಪಾಠ ಹೇಳಿದ ತಾತನೇ ಮೊಮ್ಮಗನನ್ನು ಮೇಲಿನ ಓದಿಗೆ ಕರೆದುಕೊಂಡು ಹೋದ ಚಿತ್ರ ಸಿಗುತ್ತದೆ. ಇವತ್ತಿನ ಶಿಫಾರಸು ಪತ್ರ ಕಾಗದದಲ್ಲಿ ಹೋಗುತ್ತದೆ. ಅಂದು ಪತ್ರ ಬರೆಯಬೇಕಾದವರೇ ನಡೆದುಕೊಂಡು ಹೋದರು.

ಎರಡನೆಯದು ನನಗೆ ಇನ್ನೂ ಮುಖ್ಯ ಅನ್ನಿಸಿತು. ಕಂಚಿಯ ಘಟಿಕೆ ಸಾಮಾನ್ಯದ್ದಲ್ಲ. ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ಒಂದು ಕನ್ನಡ ಶಾಸನವನ್ನೇ ನೋಡಬಹುದು. ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ 8ನೇ ಶತಮಾನದಲ್ಲಿ ಕಂಚಿಯನ್ನು ಗೆದ್ದಾಗ ರಾಜಸಿಂಹೇಶ್ವರದ, ಅಂದರೆ ಈಗಿನ ಕೈಲಾಸನಾಥ ದೇವಾಲಯದ ಸಂಪತ್ತನ್ನು ದೋಚದೆ ದೇವರಿಗೇ ಬಿಟ್ಟುಕೊಟ್ಟ. ಅದನ್ನು ಅಲ್ಲಿಯೇ ಕನ್ನಡದಲ್ಲಿ ಬರೆಸಿದ. ಆ ಶಾಸನದ ಶಾಪಾಶಯ ವಿಶೇಷವಾದದ್ದು. ನಮ್ಮ ಊರುಗಳಲ್ಲಿ ವಾರಣಾಸಿಯ ಕವಿಲೆಯನ್ನು ಕೊಂದ ಪಾಪ ಬರುತ್ತದೆ ಅಂತಿರುತ್ತದಲ್ಲ, ಇಲ್ಲಿ ಈ ಅಕ್ಷರಗಳನ್ನು ಅಳಿಸಿದವರು ಈ ನಗರದ ಘಟಿಕೆಯವರನ್ನು ಕೊಂದವರ ಲೋಕಕ್ಕೆ ಹೋಗಲಿ ಅಂತಿದೆ. ಘಟಿಕೆಯವರನ್ನು ಮುಟ್ಟುವುದು ಮಹಾಪಾಪ ಎಂದು ಗೆದ್ದ ರಾಜನೂ ಒಪ್ಪಿದ್ದ. ನಂದಿವರ್ಮ ಪಲ್ಲವಮಲ್ಲನನ್ನು ಸಿಂಹಾಸನಕ್ಕೆ ಆರಿಸಿದವರಲ್ಲಿ ಘಟಿಕೆಯವರೂ ಇದ್ದರು. ಅಂಥ ಜಾಗ.

ಇಷ್ಟು ದೊಡ್ಡ ಜಾಗಕ್ಕೆ ಹೋದ ಮಯೂರಶರ್ಮನ ಕಂಚಿಯ ಗುರು ಯಾರು? ತಾಳಗುಂದದ ಕಂಬದಲ್ಲಿ ಹೆಸರಿಲ್ಲ. ಸುಮಾರು ಒಂದು ಶತಮಾನದ ಮೇಲೆ ಅವನ ವಂಶದವರು ಕಲ್ಲು ಹಾಕಿಸಿದಾಗ, ಕಂಚಿಯ ಒಬ್ಬ ಪಂಡಿತನೂ ಅವರ ನೆನಪಿನಲ್ಲಿ ಉಳಿದಿರಲಿಲ್ಲ, ಅಥವಾ ಬರೆಸುವಷ್ಟು ಮುಖ್ಯ ಅನ್ನಿಸಿರಲಿಲ್ಲ. ಉಳಿದದ್ದು ವೀರಶರ್ಮನ ಹೆಸರು. ಸಂಸ್ಥೆಯ ಕೀರ್ತಿ ಒಂದು, ಶಿಷ್ಯನ ಜೊತೆ ನಿಂತವನ ಹೆಸರು ಇನ್ನೊಂದು. ಕಂಬ ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಿದೆ.

ಜಗಳದ ಆಚೆಗಿನ ಮಾತು

ಮುಂದಿನ ಪದ್ಯದಲ್ಲೇ ಜಗಳ. 'ಅಶ್ವಸಂಸ್ಥ' ಎಂಬ ಪದವನ್ನು ಪಲ್ಲವರ ಕುದುರೆ ಸವಾರ ಎಂದು ಸಾಮಾನ್ಯವಾಗಿ ಅರ್ಥೈಸುತ್ತಾರೆ. ಜಗಳದ ಕಾರಣವನ್ನು ಕುಬ್ಜ ಹೇಳುವುದಿಲ್ಲ. ಆದರೆ ಮಯೂರಶರ್ಮನಿಗೆ ಆದ ಸಂಕಟವನ್ನು ವಿವರವಾಗಿ ಹೇಳುತ್ತಾನೆ. ಅದರ ಭಾವಾರ್ಥ ಇಷ್ಟು: ಗುರುಕುಲಗಳನ್ನು ನಿಷ್ಠೆಯಿಂದ ಸೇವಿಸಿ, ಕಷ್ಟಪಟ್ಟು ತನ್ನ ಶಾಖೆಯನ್ನು ಓದಿ ಮುಗಿಸಿದ ಮೇಲೂ ವಿದ್ಯೆಯ ಸಿದ್ಧಿ ರಾಜರ ಕೈಯಲ್ಲಿದೆ ಅಂತಾದರೆ ಅದಕ್ಕಿಂತ ದುಃಖ ಇನ್ನೇನು?

ಸಂಶೋಧನೆ ಮಾಡುವ ಯಾರೇ ಆಗಲಿ, ಈ ಮಾತನ್ನು ಓದಿ ಒಂದು ಕ್ಷಣ ಸುಮ್ಮನಾಗುತ್ತಾರೆ. ಫೆಲೋಶಿಪ್ ನಿಂತುಹೋದವರು, ಗೈಡ್ ಸಹಿ ಹಾಕದೆ ಪ್ರಬಂಧ ಇಟ್ಟುಕೊಂಡು ಕೂತವರು, ವಿಭಾಗದ ರಾಜಕೀಯಕ್ಕೆ ಸಿಕ್ಕಿಬಿದ್ದವರು, ಎಲ್ಲರ ಮಾತೂ ಇದೇ. ನಾನು ಎಷ್ಟು ಓದಿದ್ದೇನೆ ಅನ್ನುವುದು ನನ್ನ ಕೈಯಲ್ಲಿದೆ. ಆದರೆ ಅದು ಕೊನೆ ಮುಟ್ಟುವುದು ಇನ್ಯಾರದೋ ಕೈಯಲ್ಲಿದೆ. ಮಯೂರಶರ್ಮ ಶ್ರೀಪರ್ವತದ ಕಾಡಿಗೆ ಹೋಗಿ ಬಾಣರಿಂದ ಕಪ್ಪ ವಸೂಲಿ ಮಾಡಿದ. ನಮ್ಮ ಹುಡುಗರು ಹಾಗೆ ಮಾಡೋಕಾಗಲ್ಲ! ಆದ್ದರಿಂದ ಒಳಗೆ ಹೋಗುವ ಮುಂಚೆಯೇ ಯಾರ ಕೈಯಲ್ಲಿ ಏನಿದೆ ಎಂದು ನೋಡಿಕೊಳ್ಳಬೇಕು. ನೋಡುವುದು ಹೇಗೆ? ಇಲ್ಲಿಂದ ಬೇರೆ ಶಾಸನಗಳಿಗೆ ಬರೋಣ.

ಮಲ್ಲಿಷೇಣ ಪ್ರಶಸ್ತಿ: ಗೆಲುವುಗಳ ಪಟ್ಟಿ

ಶ್ರವಣಬೆಳಗೊಳದ ಚಂದ್ರಗಿರಿ, ಪಾರ್ಶ್ವನಾಥ ಬಸದಿಯ ಕಂಬ. ಶಕ 1050, ಅಂದರೆ ಕ್ರಿ.ಶ. 1129ರಲ್ಲಿ ಸಲ್ಲೇಖನ ವ್ರತದಿಂದ ಮುಡಿಪಿದ ಮಲ್ಲಿಷೇಣ ಮಲಧಾರಿದೇವರ ಸ್ಮಾರಕ ಇದು. ಇದರಲ್ಲಿ ಅವರ ಹಿಂದಿನ ಆಚಾರ್ಯ ಪರಂಪರೆ ಸಾಲಾಗಿ ಬರುತ್ತದೆ. ಸಮಂತಭದ್ರ ಪಾಟಲಿಪುತ್ರ, ಮಾಲವ, ಸಿಂಧು, ಕಂಚಿ, ಕರಹಾಟಕ ಹೀಗೆ ಊರೂರಿಗೆ ಹೋಗಿ ವಾದಕ್ಕೆ ಕರೆಯುವ ಭೇರಿ ಹೊಡೆದವರು. ಅಕಲಂಕರು ಸಾಹಸತುಂಗನ ಮುಂದೆ ತಮ್ಮ ವಾದಶಕ್ತಿಯನ್ನು ಸಾರಿದವರು, ಹಿಮಶೀತಳನ ಸಭೆಯಲ್ಲಿ ಬೌದ್ಧರನ್ನು ಗೆದ್ದವರು. ವಿಮಲಚಂದ್ರರು ಶತ್ರುಭಯಂಕರನ ಅರಮನೆ ಬಾಗಿಲಿಗೆ ಶೈವ, ಪಾಶುಪತ, ಬೌದ್ಧ, ಕಾಪಾಲಿಕರಿಗೆಲ್ಲ ಸವಾಲಿನ ಪತ್ರ ಅಂಟಿಸಿದವರು. ವಾದಿರಾಜರು ಚಾಲುಕ್ಯರ ರಾಜಧಾನಿಯಲ್ಲಿ ಮೆರೆದವರು.

ಕಾವ್ಯವಾಗಿ ಇದು ಅದ್ಭುತ. ಜೈನ ತರ್ಕದ ಇತಿಹಾಸಕ್ಕೆ ಇಂಥ ಇನ್ನೊಂದು ಆಕರ ಕಷ್ಟ. ಆದರೆ ಇದನ್ನು ಅಂದಿನ ವಿದ್ಯಾರ್ಥಿಯ ಕಣ್ಣಿನಿಂದ ಓದಿ ನೋಡಿ. ಯಾರ ಸಭೆಯಲ್ಲಿ ಮಾತಾಡಿದರು, ಯಾರನ್ನು ಸೋಲಿಸಿದರು, ಯಾವ ರಾಜ ಮೆಚ್ಚಿದ ಎಂಬುದೇ ಹೆಚ್ಚು. ಪಾಠ ಹೇಗೆ ಹೇಳುತ್ತಿದ್ದರು, ಶಿಷ್ಯ ತಪ್ಪು ಮಾಡಿದಾಗ ಹೇಗೆ ತಿದ್ದುತ್ತಿದ್ದರು ಅನ್ನುವುದು ಪ್ರಶಸ್ತಿಯ ಕೆಲಸವೇ ಅಲ್ಲ. ಇವತ್ತು ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಪ್ರೊಫೆಸರರ ಪುಟ ತೆಗೆದರೆ ಕಾಣುವುದೂ ಇದೇ ಜಾತಿಯ ಬರಹ. ಪುಸ್ತಕ, ಪದಕ, ವಿದೇಶದ ಉಪನ್ಯಾಸ, ಸಮಿತಿಯ ಸದಸ್ಯತ್ವ. ಅದು ಸುಳ್ಳಲ್ಲ. ಆದರೆ ಅದು ಪ್ರಶಸ್ತಿ, ದತ್ತಿಶಾಸನ ಅಲ್ಲ. ಪ್ರಶಸ್ತಿ ಭಾಗದಿಂದ ರಾಜನ ಬಿರುದು ತಿಳಿಯುತ್ತದೆ, ದತ್ತಿ ಭಾಗದಿಂದ ನೆಲದ ವಿಷಯ ತಿಳಿಯುತ್ತದೆ ಅಂತ ನಾವು ಯಾವಾಗಲೂ ಹೇಳ್ತೀವಲ್ಲ, ಇಲ್ಲೂ ಹಾಗೇ.

ದತ್ತಿ ಭಾಗ: ಸಾಲೋಟಗಿ, ನಾಗಾವಿ, ಬಳ್ಳಿಗಾವೆ

ಈಗ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಸಾಲೋಟಗಿಗೆ ಬನ್ನಿ. ಕ್ರಿ.ಶ. 945, ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲ. ಅವನ ಮಂತ್ರಿ ನಾರಾಯಣ ಪಾವಿಟ್ಟಗೆಯಲ್ಲಿ ಒಂದು ಶಾಲೆ ಕಟ್ಟಿಸಿದ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿದ್ದರು ಎಂದು ಶಾಸನ ಹೇಳುತ್ತದೆ. ಅಂದರೆ ಮಯೂರಶರ್ಮನ ಹಾಗೆ ಊರು ಬಿಟ್ಟು ಬಂದವರು. ಅವರಿಗಾಗಿ 27 ಮನೆಗಳು. ಶಾಲೆಗೆ 500 ನಿವರ್ತನ ಭೂಮಿ. ಉಪಾಧ್ಯಾಯನಿಗೆ 50 ನಿವರ್ತನ, ಒಂದು ಮನೆ. ದೀಪಕ್ಕೆ 12 ನಿವರ್ತನ. ಸಾಲದ್ದಕ್ಕೆ ಊರಿನಲ್ಲಿ ಮದುವೆ ಆದರೆ 5, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು ನಾಣ್ಯ ಶಾಲೆಗೆ ಸಲ್ಲಬೇಕು.

ನನ್ನ ಕೆಲಸದ ಅಭ್ಯಾಸಬಲವೋ ಏನೋ, ನನಗೆ ಇಷ್ಟವಾದದ್ದು ಆ 12 ನಿವರ್ತನ. ಕತ್ತಲಾದ ಮೇಲೂ ವಿದ್ಯಾರ್ಥಿಗಳು ಓದುತ್ತಾರೆ, ಅದಕ್ಕೆ ಎಣ್ಣೆ ಬೇಕು, ಎಣ್ಣೆಗೆ ಹಣ ಬೇಕು, ಆ ಹಣ ಪ್ರತಿ ವರ್ಷ ಬರಬೇಕು ಅಂತ ಯಾರೋ ಕೂತು ಲೆಕ್ಕ ಹಾಕಿದ್ದಾರೆ. ಮಂತ್ರಿ ಹೋದರೂ, ರಾಜ ಬದಲಾದರೂ ದೀಪ ಉರಿಯುವ ವ್ಯವಸ್ಥೆ. ಮದುವೆ ನಡೆಯುವವರೆಗೂ ಶಾಲೆ ನಡೆಯುತ್ತದೆ. ಆದಾಯವನ್ನು ಒಬ್ಬರ ಕೈಯಲ್ಲಿ ಇಡದೆ ಹತ್ತು ಕಡೆ ಹಂಚಿಟ್ಟಿರುವುದು ಮಯೂರಶರ್ಮನ ದುಃಖಕ್ಕೆ ಕೊಟ್ಟ ಉತ್ತರದ ಹಾಗೆ ನನಗೆ ಕಾಣುತ್ತದೆ.

ಕಲಬುರಗಿ ಜಿಲ್ಲೆ ಚಿತ್ತಾಪುರದ ಪಕ್ಕದ ನಾಗಾವಿ. 1058ರ ಶಾಸನ, ಕಲ್ಯಾಣ ಚಾಲುಕ್ಯ ಒಂದನೇ ಸೋಮೇಶ್ವರನ ಕಾಲ, ದಂಡನಾಯಕ ಮಧುಸೂದನನ ದಾನ. ಇಲ್ಲಿನ ಘಟಿಕಾಸ್ಥಾನದಲ್ಲಿ ವೇದ ಓದುವವರು 200, ಶಾಸ್ತ್ರ ಓದುವವರು 52. ವೇದಕ್ಕೆ ಮೂವರು ಉಪಾಧ್ಯಾಯರು. ಶಾಸ್ತ್ರಕ್ಕೆ ಮೂವರು: ಭಾಟ್ಟ, ಪ್ರಾಭಾಕರ ಮತ್ತು ನ್ಯಾಸ. ಭಾಟ್ಟವೂ ಪ್ರಾಭಾಕರವೂ ಮೀಮಾಂಸೆಯ ಎರಡು ಎದುರಾಳಿ ಪಂಥಗಳು ಎಂಬುದು ನೆನಪಿರಲಿ. ಒಂದೇ ಸೂರಿನಡಿ ಇಬ್ಬರು ಎದುರಾಳಿ ಮೇಷ್ಟ್ರು. ಇವರ ಜೊತೆಗೆ ಆರು ಜನ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥ ಕಾಯುವವರು.

ಲೆಕ್ಕ ಮಾಡಿ ನೋಡಿ. ಶಾಸ್ತ್ರ ವಿಭಾಗದಲ್ಲಿ ಒಬ್ಬ ಉಪಾಧ್ಯಾಯನಿಗೆ ಸುಮಾರು 17 ವಿದ್ಯಾರ್ಥಿಗಳು, ವೇದದಲ್ಲಿ ಸುಮಾರು 67. ಮೇಲಿನ ಓದಿಗೆ ಹೋದಷ್ಟೂ ಗುರು ಹತ್ತಿರವಾಗುತ್ತಾನೆ. ಉಪಾಧ್ಯಾಯರು ಆರು, ಭಂಡಾರಿಗರೂ ಆರು! ಪುಸ್ತಕ ಕೈಗೆ ಸಿಗುವುದು ಪಾಠದಷ್ಟೇ ಮುಖ್ಯ ಅಂತ ದಾನ ಕೊಟ್ಟವರಿಗೆ ಗೊತ್ತಿತ್ತು.

ತಾಳಗುಂದದ ಹತ್ತಿರದಲ್ಲೇ ಬಳ್ಳಿಗಾವೆ. ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠ ಕಾಳಾಮುಖ ಶೈವರದು. 1162ರ ಶಾಸನ ಅಲ್ಲಿ ನಡೆಯುತ್ತಿದ್ದ ಅಧ್ಯಯನವನ್ನು ಪಟ್ಟಿ ಮಾಡುತ್ತದೆ: ನಾಲ್ಕು ವೇದ, ಷಡ್ದರ್ಶನ, ಲಾಕುಲ ಸಿದ್ಧಾಂತ, ಪಾತಂಜಲ, ಪುರಾಣ, ಕೌಮಾರ, ಪಾಣಿನೀಯ, ಶಾಕಟಾಯನ ಮುಂತಾದ ವ್ಯಾಕರಣಗಳು. ಶಾಕಟಾಯನ ವ್ಯಾಕರಣ ಬರೆದವನು ಅಮೋಘವರ್ಷನ ಕಾಲದ ಜೈನ ಯತಿ. ಶೈವ ಮಠದೊಳಗೆ ಜೈನ ವ್ಯಾಕರಣ! ಅದೇ ಮಠದಲ್ಲಿ ಜೈನ ಕ್ಷಪಣಕರಿಗೂ ಅನ್ನ, ದಿಕ್ಕಿಲ್ಲದವರಿಗೆ ಆಸರೆ, ರೋಗಿಗಳಿಗೆ ಔಷಧಿ. ಗುರುವಿನ ಮತಕ್ಕೆ ಸೇರದ ಪುಸ್ತಕವನ್ನೂ ಓದಲು ಬಿಡುವ ಜಾಗ ಯಾವುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇಕೇ?

ಇಬ್ಬರು ಪ್ರೊಫೆಸರರು

ಇಲ್ಲಿ ನನ್ನದೇ ಒಂದು ಅನುಭವ ಹೇಳಬೇಕು. ಕೆಲವು ವರ್ಷದ ಹಿಂದೆ, ನೌಕರಿ ಜೊತೆಗೇ ಪಿಎಚ್‌.ಡಿ. ಮಾಡಬಹುದಾ ಅಂತ ಇಬ್ಬರು ಹಿರಿಯ ಪ್ರೊಫೆಸರರನ್ನು ನೋಡಲು ಹೋಗಿದ್ದೆ. ಮೊದಲನೆಯವರು ಬಹಳ ಹೆಸರುವಾಸಿ. ಇಪ್ಪತ್ತು ನಿಮಿಷ ಕೂರಿಸಿಕೊಂಡು ಮಾತಾಡಿದರು. ಮಾತೆಲ್ಲ ಅವರ ಮುಂದಿನ ಪುಸ್ತಕದ ಬಗ್ಗೆ. ನಾನು ಯಾವ ಪ್ರಶ್ನೆ ಹಿಡಿದುಕೊಂಡು ಬಂದಿದ್ದೇನೆ ಅಂತ ಕೇಳಲೇ ಇಲ್ಲ. ಹೊರಗೆ ಬೆಂಚಿನ ಮೇಲೆ ಅವರ ವಿದ್ಯಾರ್ಥಿಯೊಬ್ಬ ಕೂತಿದ್ದ. "ಹೇಗಿದೆಯಪ್ಪಾ?" ಅಂದೆ. "ಎರಡನೇ ಅಧ್ಯಾಯ ಕೊಟ್ಟು ಎಂಟು ತಿಂಗಳಾಯ್ತು ಸರ್, ಇನ್ನೂ ಟೇಬಲ್ ಮೇಲೇ ಇದೆ" ಅಂದ. ದೊಡ್ಡ ದನಿಯಲ್ಲೂ ಹೇಳಲಿಲ್ಲ, ಬಾಗಿಲ ಕಡೆ ನೋಡಿಕೊಂಡು ಹೇಳಿದ.

ಎರಡನೆಯವರ ಹೆಸರು ಅಷ್ಟು ಜನಕ್ಕೆ ಗೊತ್ತಿಲ್ಲ. ಹೋಗಿ ಕೂತ ಕೂಡಲೇ ಒಂದು ಪಡಿಯಚ್ಚು ಬಿಚ್ಚಿ ಮುಂದೆ ಹಾಸಿದರು. "ಓದ್ರಿ" ಅಂದರು. ಮೂರನೇ ಸಾಲಿನಲ್ಲಿ ಸವೆದ ಒಂದು ಅಕ್ಷರ. ನಾನು ಒಂದು ರೀತಿ ಓದಿದೆ. "ಯಾಕ ಹಂಗ ಓದಿದ್ರಿ?" ಅಂದರು. ಕಾರಣ ಹೇಳಿದೆ. ಭೂತಗನ್ನಡಿ ಹಿಡಿದು ಅರ್ಧ ಗಂಟೆ ಇಬ್ಬರೂ ಆ ಒಂದು ಅಕ್ಷರದ ಮೇಲೆ ಕೂತೆವು. ಏಳುವಾಗ ತಮ್ಮ ಇಬ್ಬರು ಹಳೇ ವಿದ್ಯಾರ್ಥಿಗಳ ಫೋನ್ ನಂಬರ್ ಬರೆದುಕೊಟ್ಟು, "ನನ್ನ ಬಗ್ಗೆ ಇವ್ರನ್ನ ಕೇಳ್ರಿ, ಆಮ್ಯಾಲ ಬರ್ರಿ" ಅಂದರು. ಯೋಜನೆಯೊಂದಕ್ಕೆ ನನ್ನನ್ನು ಬೇರೆ ಊರಿಗೆ ಹಾಕಿದ್ದರಿಂದ ಪಿಎಚ್‌.ಡಿ. ಆಗಲಿಲ್ಲ. ಆದರೆ ಇವತ್ತಿಗೂ ಅನುಮಾನದ ಪಾಠ ಸಿಕ್ಕರೆ ಫೋಟೋ ಕಳಿಸುವುದು ಅವರಿಗೇ.

ನಿಸಿದಿ ನಿಲ್ಲಿಸಿದ ಶಿಷ್ಯ

ಕೊನೆಯದಾಗಿ ಮತ್ತೆ ಚಂದ್ರಗಿರಿ. 1115ರಲ್ಲಿ ಮುಡಿಪಿದ ಮೇಘಚಂದ್ರ ತ್ರೈವಿದ್ಯದೇವರ ನಿಸಿದಿ. ಸಿದ್ಧಾಂತ, ತರ್ಕ, ವ್ಯಾಕರಣ ಮೂರರಲ್ಲೂ ಪಾರಂಗತರಾದ್ದರಿಂದ ತ್ರೈವಿದ್ಯರು. ಇದನ್ನು ನಿಲ್ಲಿಸಿದ್ದು ಯಾರು? ಹೊಯ್ಸಳರ ದಂಡನಾಯಕ ಗಂಗರಾಜನ ಪತ್ನಿ ಲಕ್ಷ್ಮೀಮತಿ. ಆದರೆ ಅವಳ ಮೂಲಕ ಮಾಡಿಸಿದವರು ಮೇಘಚಂದ್ರರ ಶಿಷ್ಯ ಪ್ರಭಾಚಂದ್ರ ಸಿದ್ಧಾಂತದೇವರು. ಈ ಪ್ರಭಾಚಂದ್ರರೇ ರಾಣಿ ಶಾಂತಲೆಯ ಗುರು. ಮೇಘಚಂದ್ರರ ಹಿರಿಮೆಗೆ ಕಲ್ಲಿನ ಮೇಲಿನ ಹೊಗಳಿಕೆ ಒಂದು ಸಾಕ್ಷಿ. ನಾನು ಹೆಚ್ಚು ನಂಬುವುದು ಇನ್ನೊಂದನ್ನು: ಅವರ ಶಿಷ್ಯ ತಾನೇ ಗುರುವಾಗಿ ಬೆಳೆದು, ಗುರುವಿನ ಕಾಲಾನಂತರ ಅವರ ಹೆಸರು ಉಳಿಯಲಿ ಅಂತ ಓಡಾಡಿದ್ದು. ಹೊಗಳಿಕೆಯನ್ನು ಕವಿಯಿಂದ ಬರೆಸಬಹುದು. ಶಿಷ್ಯನ ಇಂಥ ಓಡಾಟವನ್ನು ಬರೆಸಿಕೊಳ್ಳಲು ಆಗುವುದಿಲ್ಲ.

ಹಾಗಾಗಿ ಪ್ರಶ್ನೆ ಕೇಳಿದ ಆ ಇಬ್ಬರಿಗೆ, ಮತ್ತು ಇದೇ ಹಾದಿಯಲ್ಲಿರುವ ಎಲ್ಲರಿಗೆ ನನ್ನ ಮಾತು ಇಷ್ಟು. ದೊಡ್ಡ ಹೆಸರನ್ನು ಕಂಡು ಹೆದರಬೇಡಿ, ಅದನ್ನೇ ನಂಬಿಕೊಂಡೂ ಹೋಗಬೇಡಿ. ನಿಮ್ಮನ್ನು ಬಲ್ಲ ಒಬ್ಬ ಮೇಷ್ಟ್ರ ಮಾತು ಜೊತೆಗಿರಲಿ, ವೀರಶರ್ಮನ ಹಾಗೆ. ಪ್ರೊಫೆಸರರ ಪ್ರಶಸ್ತಿ ಓದಿದ ಮೇಲೆ ದತ್ತಿ ಭಾಗ ಹುಡುಕಿ: ಎಷ್ಟು ವಿದ್ಯಾರ್ಥಿಗಳಿದ್ದಾರೆ, ಫೆಲೋಶಿಪ್ ಎಲ್ಲಿಂದ ಬರುತ್ತದೆ, ಅದು ನಿಂತರೆ ಏನು ಗತಿ, ಗ್ರಂಥಾಲಯ ಹೇಗಿದೆ, ಅವರ ಅಭಿಪ್ರಾಯ ಒಪ್ಪದವರು ಅಲ್ಲಿ ಉಳಿದಿದ್ದಾರಾ. ಕೊನೆಗೆ ಅವರ ಶಿಷ್ಯರು ಈಗ ಎಲ್ಲಿದ್ದಾರೆ, ಗುರುವಿನ ಹೆಸರು ಹೇಳುವಾಗ ಅವರ ಮುಖ ಹೇಗಿರುತ್ತದೆ ಅಂತ ನೋಡಿ. ಐದಾರು ವರ್ಷದ ಆಯಸ್ಸು ಕೊಡ್ತಾ ಇದ್ದೀರಿ. ಇಷ್ಟು ಕೇಳುವುದು ಉದ್ಧಟತನ ಅಲ್ಲ. ಕೇಳಿದ್ದಕ್ಕೆ ಬೇಸರ ಮಾಡಿಕೊಂಡರೆ ಅದೂ ಒಂದು ಉತ್ತರವೇ.

ಈ ಬರಹಕ್ಕೆ ಆರಿಸಿಕೊಂಡದ್ದು ಕೆಲವೇ ಶಾಸನಗಳು. ವಿದ್ಯಾದಾನದ, ಉಪಾಧ್ಯಾಯರ ವೃತ್ತಿಯ ಉಲ್ಲೇಖ ಇರುವ ಕಲ್ಲುಗಳು ನಮ್ಮ ಅಗ್ರಹಾರದ ಊರುಗಳಲ್ಲಿ ಇನ್ನೂ ಬಹಳ ಇವೆ. ನಿಮ್ಮೂರಿನ ಶಾಸನದಲ್ಲಿ ಛಾತ್ರರಿಗೆ ಅಥವಾ ಉಪಾಧ್ಯಾಯರಿಗೆ ಇಷ್ಟು ಮತ್ತರು ಅಂತ ಬಿಟ್ಟಿದ್ದರೆ ಅದರ ಪಾಠ, ಆಗದಿದ್ದರೆ ಬೆಳಗಿನ ಓರೆ ಬಿಸಿಲಲ್ಲಿ ತೆಗೆದ ಒಂದು ಫೋಟೋ ಕಳಿಸಿ. ಕೂತು ಓದೋಣ.